ಏಳನೇ ಬ್ಲಾಕಿನ ಬಿಸಿಲು

ನಮ್ಮ ಮಾವನಿಗೆ ಮಾತು ಬರುವುದಿಲ್ಲ. ಮೂಗರೇನಲ್ಲ, ನಾಲ್ಕು ಜನರೆದುರು ನಿಂತರೆ ಮಾತು ಗಂಟಲಲ್ಲೇ ಕೂತುಬಿಡುತ್ತದೆ, ಅಷ್ಟೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರ ಅವರು ನನ್ನ ಜೊತೆ ಆಡಿದ್ದು ಒಂದೇ ಮಾತು: "ಆ ಕುರ್ಚಿ ಅಲ್ಲಾಡತ್ತೆ, ತಾಳು." ಹಾಗೆಂದವರು ಸ್ಪ್ಯಾನರ್ ತಂದು, ಕುರ್ಚಿಯನ್ನು ತಲೆಕೆಳಗು ಮಾಡಿ, ನಾಲ್ಕೂ ಬೋಲ್ಟು ಬಿಗಿದು, ಮತ್ತೆ ನೆಟ್ಟಗಿಟ್ಟು ಹೊರಟುಹೋದರು. ಇಂಥವರ ಜೊತೆ ಬಾಳುವುದು ಹೇಗೆ ಎಂದು ಆವತ್ತು ಗಂಡನನ್ನು ಕೇಳಿದ್ದೆ. ಈಗ ಅದನ್ನು ನೆನೆಸಿಕೊಂಡರೆ ನನಗೇ ನಾಚಿಕೆ.

ಮಾವ ಮೂವತ್ತೊಂದು ವರ್ಷದಿಂದ ನಮ್ಮೂರ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಕುರ್ಚಿ ಫಿಟ್ಟರ್. ಪೂರ್ವದ ಗ್ಯಾಲರಿಯ ನೀಲಿ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಅವರ ಸುಪರ್ದಿ. ಗೋಲು ಹೊಡೆದಾಗ ಜನ ಕುರ್ಚಿ ಮೇಲೆ ಹತ್ತಿ ಕುಣಿಯುತ್ತಾರೆ, ಸೋತಾಗ ಅದನ್ನೇ ಒದೆಯುತ್ತಾರೆ. ಎರಡಕ್ಕೂ ರಿಪೇರಿ ಮಾಡುವವರು ಇವರೊಬ್ಬರೇ. ಅಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ, ಎಲ್ಲರಿಗೂ ಅವರು 'ಸ್ಪ್ಯಾನರ್'. ಹಾಗೆಂದು ಅವರಿಗೆ ಫುಟ್‌ಬಾಲಿನ ಹುಚ್ಚು ಇದೆ ಎಂದುಕೊಳ್ಳಬೇಡಿ. ಪಂದ್ಯದ ದಿನವೂ ಅವರ ಕಣ್ಣು ಚೆಂಡಿನ ಮೇಲಿರುವುದಿಲ್ಲ, ಯಾವ ಸಾಲಿನಲ್ಲಿ ಯಾರು ಕುಣಿಯುತ್ತಿದ್ದಾರೆ ಎಂಬುದರ ಮೇಲಿರುತ್ತದೆ.

ಹುಚ್ಚು ಇರುವುದು ನಮ್ಮ ಅತ್ತೆಗೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನವಿಡೀ ಬಿಸಿನೀರಿನ ಹಬೆಯಲ್ಲಿ ನಿಂತು, ಪಂದ್ಯದ ದಿನ ನಾಲ್ಕು ಗಂಟೆಗೆ ಸರಿಯಾಗಿ ಏಳನೇ ಬ್ಲಾಕಿನಲ್ಲಿ ಹಾಜರ್. ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರೆ ರೆಫರಿ ತನ್ನ ಪೀಪಿಯನ್ನೇ ಅನುಮಾನದಿಂದ ನೋಡಿಕೊಳ್ಳುತ್ತಿದ್ದನಂತೆ. ಮಾವ ಅವರನ್ನು ಮೊದಲು ಗುರುತಿಸಿದ್ದೂ ಆ ಶಿಳ್ಳೆಯಿಂದಲೇ. ತಲೆ ಎತ್ತಿ ನೋಡಿದರು, ಕೈಯಲ್ಲಿದ್ದ ಬೋಲ್ಟು ಜಾರಿ ಬಿತ್ತು. ಇದನ್ನು ಅತ್ತೆ ನೂರು ಸಲ ಹೇಳಿದ್ದಾರೆ. ಮಾವ ಒಂದು ಸಲವೂ ಅಲ್ಲಗಳೆದಿಲ್ಲ.

ಈ ಏಳನೇ ಬ್ಲಾಕಿನದು ಒಂದು ವಿಚಿತ್ರ ಪದ್ಧತಿ. ಮೊದಲರ್ಧ ಮುಗಿದು ಪೀಪಿ ಊದಿದ ಕೂಡಲೇ ಬ್ಲಾಕಿಗೆ ಬ್ಲಾಕೇ ಎದ್ದು, ತಿಂಡಿ ಪೊಟ್ಟಣ, ನೀರಿನ ಬಾಟಲಿ, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಐದನೇ ಬ್ಲಾಕಿಗೆ ಗುಳೆ ಹೋಗುತ್ತಿತ್ತು. ಐದರವರು ಗೊಣಗುತ್ತಲೇ ಸರಿದು ಜಾಗ ಕೊಡುತ್ತಿದ್ದರು. ಕಾರಣ ಇಷ್ಟೇ: ಎದುರಿನ ಪಶ್ಚಿಮದ ಗ್ಯಾಲರಿಗೂ ಮೂಲೆಯ ಗ್ಯಾಲರಿಗೂ ನಡುವೆ ಒಂದು ಬಸ್ಸು ತೂರುವಷ್ಟು ಸಂದು ಇದೆ. ಸಂಜೆ ಐದರ ನಂತರ ಇಳಿಬಿಸಿಲು ಆ ಸಂದಿನಿಂದ ನುಗ್ಗಿ ನೇರ ಏಳನೇ ಬ್ಲಾಕಿನವರ ಮುಖಕ್ಕೆ ಹೊಡೆಯುತ್ತದೆ. ತಲೆಯ ಮೇಲೆ ಛಾವಣಿ ಇದ್ದೂ ಪ್ರಯೋಜನವಿಲ್ಲ, ಬಿಸಿಲು ಬರುವುದು ಮೇಲಿಂದಲ್ಲ, ಎದುರಿಂದ.

ನಾಲ್ಕು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿತು, ಮಾತು ನಿಧಾನವಾಯಿತು, ಗಾಲಿಕುರ್ಚಿ ಬಂತು. ಬಲಗಣ್ಣಿನ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಆ ಕಣ್ಣಿಗೆ ಬಿಸಿಲು ಬಿದ್ದರೆ ಖಾರದಪುಡಿ ಎರಚಿದ ಹಾಗೆ ಉರಿ, ನೀರು. ಹಳೆಯ ಗ್ಯಾಲರಿಗೆ ಬರೀ ಮೆಟ್ಟಿಲು, ಗಾಲಿಕುರ್ಚಿ ಹತ್ತುವ ಹಾಗಿರಲಿಲ್ಲ. ಹಾಗಾಗಿ ಸ್ಟೇಡಿಯಂ ನವೀಕರಣ ಮಾಡುತ್ತಾರೆ, ಲಿಫ್ಟ್ ಹಾಕುತ್ತಾರೆ, ಗಾಲಿಕುರ್ಚಿಯವರಿಗೆಂದೇ ವೇದಿಕೆ ಕಟ್ಟುತ್ತಾರೆ ಎಂಬ ಸುದ್ದಿ ಬಂದ ದಿನ ಅತ್ತೆ ಪೆಟ್ಟಿಗೆಯಿಂದ ತಂಡದ ಸ್ಕಾರ್ಫ್ ತೆಗೆಸಿ ನನ್ನಿಂದ ಇಸ್ತ್ರಿ ಮಾಡಿಸಿದರು. ನಾನು ಹೊಲಿಗೆ ಅಂಗಡಿಯವಳು, ಇಸ್ತ್ರಿಗೇನು ಬರ. ಆದರೆ ಒಂದು ಸ್ಕಾರ್ಫನ್ನು ಅಷ್ಟು ಹುಷಾರಾಗಿ ಇಸ್ತ್ರಿ ಮಾಡಿದ್ದು ಅದೇ ಮೊದಲು.

ಆಮೇಲೆ ಕ್ಲಬ್ಬಿನವರು ಅಭಿಮಾನಿಗಳ ಸಭೆ ಕರೆದು ನಕ್ಷೆ ತೋರಿಸಿದರು. ಮಾವ, ಅತ್ತೆ, ನಾನು ಮೂವರೂ ಹೋಗಿದ್ದೆವು. ಪರದೆಯ ಮೇಲೆ ಹೊಸ ಗ್ಯಾಲರಿ ಬಂತು: ನೆರಳಿರುವ ಜಾಗಕ್ಕೆ ಹಸಿರು, ಬಿಸಿಲಿರುವ ಜಾಗಕ್ಕೆ ಕೆಂಪು. ಲಿಫ್ಟಿಗೆ ಹತ್ತಿರವಾಗಲಿ ಎಂದು ಗಾಲಿಕುರ್ಚಿಯ ವೇದಿಕೆಯನ್ನು ಏಳನೇ ಬ್ಲಾಕಿನಲ್ಲೇ ಇಟ್ಟಿದ್ದರು. ಅದು ಕಡುಹಸಿರಾಗಿತ್ತು. ನಕ್ಷೆ ಮಾಡಿದ ಇಂಜಿನಿಯರ್ ಹೆಣ್ಣುಮಗಳು, ನನ್ನ ವಯಸ್ಸಿನವಳೇ. ಈ ಜಾಗಕ್ಕೆ ದಿನದ ಹತ್ತು ಗಂಟೆಯಲ್ಲಿ ಒಂಬತ್ತು ಗಂಟೆ ನೆರಳು ಎಂದು ವಿವರಿಸಿದಳು. ಚಪ್ಪಾಳೆ ಬಿತ್ತು. ಹುಲ್ಲಿಗೆ ಗಾಳಿ ಬೇಕಾದ್ದರಿಂದ ಎದುರಿನ ಸಂದನ್ನು ಮುಚ್ಚುವುದಿಲ್ಲ ಎಂದೂ ಹೇಳಿದಳು. ಅದಕ್ಕೂ ಚಪ್ಪಾಳೆ.

ಆಗ ನಮ್ಮ ಮಾವ ಎದ್ದು ನಿಂತರು.

"ಉಳಿದ ಒಂದು ಗಂಟೆ ಯಾವ್ದು?" ಎಂದರು.

ಅಷ್ಟೇ. ಅದರ ಹಿಂದೆ ಇನ್ನೂ ಹತ್ತು ಮಾತು ಇತ್ತು, ಒಂದೂ ಹೊರಗೆ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕ್ಲಬ್ಬಿನ ಕಾರ್ಯದರ್ಶಿ, ಸ್ಪ್ಯಾನರ್ ಅವರೇ, ಕುರ್ಚಿ ನೀವು ನೋಡಿಕೊಳ್ಳಿ, ಸೂರ್ಯನನ್ನು ಇವರು ನೋಡಿಕೊಳ್ಳುತ್ತಾರೆ ಎಂದು ತಮಾಷೆ ಮಾಡಿದರು. ಸಭೆಯೆಲ್ಲ ಗೊಳ್ಳೆಂದಿತು. ನನಗೆ ಬಂದ ಸಿಟ್ಟಿಗೆ ಕೈಯಲ್ಲಿ ಕತ್ತರಿ ಇರಲಿಲ್ಲವಲ್ಲ, ಅವರ ಪುಣ್ಯ.

ಮನೆಗೆ ಬಂದು ಎರಡು ಪತ್ರ ಬರೆದೆ. ಹೊಸ ಗ್ಯಾಲರಿಯಲ್ಲಿ ಎಲ್ಲರಿಗೂ ನಂಬರ್ ಸೀಟು, ಬ್ಲಾಕಿಗೊಂದು ಗೇಟು, ಹಳೆಯ ಗುಳೆ ನಡೆಯುವುದಿಲ್ಲ, ಅದರಲ್ಲೂ ಗಾಲಿಕುರ್ಚಿಯವರು ಎದ್ದು ಎಲ್ಲಿಗೆ ಹೋಗಬೇಕು ಎಂದು ಕೇಳಿದ್ದೆ. ಅಭಿಪ್ರಾಯಕ್ಕೆ ಧನ್ಯವಾದ ಎಂದು ಉತ್ತರ ಬಂತು. ಗೋಡೆಗೆ ಹೇಳಿದ್ದರೆ ಇಷ್ಟು ಅಂಚೆಯ ಖರ್ಚಾದರೂ ಉಳಿಯುತ್ತಿತ್ತು. ಅತ್ತೆ ಆ ಉತ್ತರವನ್ನು ಓದಿಸಿ ಕೇಳಿ, ಸ್ಕಾರ್ಫನ್ನು ಎಡಗೈಯಲ್ಲೇ ಮಡಿಸಲು ನೋಡಿದರು. "ಮತ್ತೆ ಪೆಟ್ಗೇಲಿಡು. ನಾನು ರೇಡಿಯೋ ಕೇಳ್ತೀನಿ," ಎಂದರು. ಮಾವ ಎದುರಿಗೇ ಕೂತಿದ್ದರು. ತಮ್ಮ ಪಾಡಿಗೆ ಸ್ಪ್ಯಾನರ್ ಒರೆಸುತ್ತಿದ್ದರು. ನಾನು ಅವರ ಮೇಲೂ ಸಿಡುಕಿದೆ, ಸುಳ್ಳೇಕೆ ಹೇಳಲಿ.

ತಿಂಗಳಾದ ಮೇಲೆ ಹಳೆಯ ಕುರ್ಚಿ ಬಿಚ್ಚುವ ಕೆಲಸ ಶುರುವಾಯಿತು. ಬಿಚ್ಚುವವರು ಇನ್ಯಾರು, ನಮ್ಮ ಮಾವನೇ. ಕಂಟ್ರಾಕ್ಟರ್ ಎಲ್ಲವನ್ನೂ ಒಂದು ಮೂಲೆಗೆ ಎಸೆಯಿರಿ, ಶನಿವಾರ ಬೆಳಿಗ್ಗೆ ಲಾರಿ ಬಂದು ಪುಡಿ ಮಾಡುವ ಕಾರ್ಖಾನೆಗೆ ಒಯ್ಯುತ್ತದೆ ಎಂದಿದ್ದ. ಮಾವ ಎಸೆಯಲಿಲ್ಲ. ಸಾಲಿನ ಪ್ರಕಾರ ಜೋಡಿಸಿಟ್ಟರು. ಶುಕ್ರವಾರ ಬೆಳಿಗ್ಗೆ ನನ್ನ ಅಂಗಡಿಗೆ ಬಂದು, "ನಿಮ್ಮತ್ತೇನ ಕರ್ಕೊಂಡು ಅಭ್ಯಾಸದ ಮೈದಾನಕ್ಕೆ ಬಾ," ಎಂದರು. ಯಾಕೆ ಎಂದು ಕೇಳುವಷ್ಟರಲ್ಲಿ ಹೊರಟಾಗಿತ್ತು. ಒಂದು ಪ್ಯಾಂಟಿನ ಕಾಲು ಹೊಲಿದು ಇನ್ನೊಂದನ್ನು ಹಾಗೇ ಬಿಟ್ಟು ಓಡಿದೆ.

ಏಳನೇ ಬ್ಲಾಕಿನ ಇಪ್ಪತ್ತು ಸಾಲು, ಸಾಲಿಗೆ ಹದಿನೆಂಟು ಕುರ್ಚಿ. ಮುನ್ನೂರರವತ್ತು ಕುರ್ಚಿಗಳನ್ನು ಇದ್ದ ಕ್ರಮದಲ್ಲೇ ಹುಲ್ಲಿನ ಮೇಲೆ ಹರಡಬೇಕು ಎಂದರು. ಹೊತ್ತವರು ಮಾವ ಮತ್ತು ನಾನು. ಅತ್ತೆ ಗಾಲಿಕುರ್ಚಿಯಲ್ಲಿ ಕೂತು ಪ್ರತಿ ಕುರ್ಚಿಯ ತಳದ ನಂಬರ್ ನೋಡಿ, ಸಾಲು ಹನ್ನೊಂದು, ನಾಲ್ಕನೆಯದು, ಅಲ್ಲ ಕಣೇ ಆ ಕಡೆ, ಎಂದು ನಿರ್ದೇಶನ ಕೊಡುತ್ತಿದ್ದರು. ಲಕ್ವ ಹೊಡೆದದ್ದು ಅವರ ನಾಲಿಗೆಗೆ, ದರ್ಬಾರಿಗಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಸೊಂಟ ನನ್ನದಾಗಿರಲಿಲ್ಲ. ಈ ಮುದುಕನಿಗೆ ತಲೆ ಕೆಟ್ಟಿದೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಸಂಜೆ ಕೊನೆಯ ಕುರ್ಚಿ ಇಟ್ಟಾದ ಮೇಲೆ ಮಾವ ನನ್ನನ್ನು ಏಣಿ ಹತ್ತಿಸಿ, ನೋಡು ಎಂದರು.

ನೋಡಿದೆ.

ಎಲ್ಲ ಕುರ್ಚಿಗಳ ಕೂರುವ ಭಾಗ ಕಡುನೀಲಿಯಾಗಿತ್ತು, ಹೊಸತರ ಹಾಗೆ. ಆದರೆ ಬೆನ್ನು ಒರಗುವ ಭಾಗ ಮಾತ್ರ ಬ್ಲಾಕಿನ ನಡುವೆ ಓರೆಯಾಗಿ, ಒಂದು ಅಗಲವಾದ ಪಟ್ಟಿಯಂತೆ ಬಿಳಿಚಿಕೊಂಡಿತ್ತು. ಪಟ್ಟಿಯ ಅಂಚಿನಲ್ಲಿ ತಿಳಿನೀಲಿ, ನಡುವೆ ಪೂರ್ತಿ ಬಿಳಿ. ಕಿಟಕಿಯ ಪರದೆ ಮಡಿಕೆಯಲ್ಲಿ ಬಣ್ಣ ಉಳಿಸಿಕೊಂಡು ಉಬ್ಬಿನಲ್ಲಿ ಮಾಸುವುದನ್ನು ದಿನಾ ನೋಡುವ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಂದ್ಯ ಇಲ್ಲದ ದಿನ ಕುರ್ಚಿ ಖಾಲಿ ಇರುತ್ತದೆ, ಸೂರ್ಯನಿಗೆ ರಜೆ ಇಲ್ಲ. ಆ ಸಂದಿನ ಬಿಸಿಲು ಇಷ್ಟು ವರ್ಷ ತಾನು ಬಂದು ಕೂತ ಜಾಗವನ್ನು ತಾನೇ ಬರೆದಿಟ್ಟಿತ್ತು. ಅದನ್ನು ಓದಬಲ್ಲವರು ಊರಿಗೆಲ್ಲ ಒಬ್ಬರೇ ಇದ್ದರು, ಮತ್ತು ಅವರಿಗೆ ಮಾತು ಬರುತ್ತಿರಲಿಲ್ಲ.

ಶನಿವಾರ ಲಾರಿಗಿಂತ ಮೊದಲು ಇಂಜಿನಿಯರನ್ನೂ ಕಾರ್ಯದರ್ಶಿಯನ್ನೂ ಕರೆತಂದವಳು ನಾನು. ಹೇಗೆ ಎಂದು ಕೇಳಬೇಡಿ. ಕಚೇರಿಯ ಬಾಗಿಲಲ್ಲಿ ಏಳು ಗಂಟೆಯಿಂದ ಕೂತಿದ್ದೆ, ಇವಳನ್ನು ಎಬ್ಬಿಸುವುದಕ್ಕಿಂತ ಇವಳ ಜೊತೆ ಹೋಗುವುದೇ ಸುಲಭ ಎನ್ನಿಸಿರಬೇಕು. ಇಂಜಿನಿಯರ್ ಮೊದಲು ಹೇಳಿದ್ದು, ಕೂರುವ ಭಾಗ ಮಾಸಿಲ್ಲವಲ್ಲ, ಅಂದರೆ ನೆರಳಿದೆ ಎಂದೇ ಅರ್ಥ ಎಂದು. ಮಾವ ಒಂದು ಬಿಳಿಚಿದ ಕುರ್ಚಿಯ ಮುಂದೆ ಮಂಡಿಯೂರಿದರು. ಕುರ್ಚಿ ಎದುರಿಗಿದ್ದರೆ ಅವರಿಗೆ ಮಾತು ಬರುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತೇ.

"ಕೂರೋ ಜಾಗ ಮಾಸೋದು ನಡುಮಧ್ಯಾಹ್ನದ ಬಿಸಿಲಿಗೆ. ಅದನ್ನ ಛಾವಣಿ ತಡೀತು, ನಿಮ್ಮ ಲೆಕ್ಕ ಸರಿ. ಒರಗೋ ಜಾಗ ಮಾಸೋದು ಸಂಜೆ ಬಿಸಿಲಿಗೆ. ಅದು ಎದುರಿಂದ ಬರತ್ತೆ. ನೀವು ಹೇಳಿದ ಒಂಬತ್ತು ಗಂಟೆ ನೆರಳಲ್ಲಿ ಎಂಟು ಗಂಟೆ ಇಲ್ಲಿ ಯಾರೂ ಇರಲ್ಲ. ಆಟದ ಎರಡನೇ ಅರ್ಧ ನಡ್ಯೋದು ಆ ಒಂದು ಗಂಟೇಲಿ."

ಕಾರ್ಯದರ್ಶಿ ಸುಮ್ಮನಿರಲಿಲ್ಲ. ಕುರ್ಚಿಗಳನ್ನು ಅಲ್ಲಿಂದಿಲ್ಲಿಗೆ ಬದಲಿಸುತ್ತಲೇ ಇರುತ್ತೀರಿ, ಇವೆಲ್ಲ ಏಳನೇ ಬ್ಲಾಕಿನಲ್ಲೇ ಇದ್ದವು ಎಂಬುದಕ್ಕೆ ಏನು ಗ್ಯಾರಂಟಿ ಎಂದರು. ಮಾವ ತಲೆಯಾಡಿಸಿ ಒಪ್ಪಿಕೊಂಡರು. ಹೌದು, ದೊಡ್ಡ ಪಂದ್ಯದ ಹಿಂದಿನ ದಿನ ಕ್ಯಾಮೆರಾಕ್ಕೆ ಕಾಣುವ ಸಾಲಿಗೆ ಒಳ್ಳೆಯ ಕುರ್ಚಿ ತಂದು ಹಾಕಿ, ಮಾಸಿದ್ದನ್ನು ಬೇರೆ ಬ್ಲಾಕಿನ ಹಿಂದಿನ ಸಾಲಿಗೆ ತಳ್ಳುತ್ತಿದ್ದುದು ನಿಜ ಎಂದರು. ಯಾರು ಹೇಳಿ ಮಾಡಿಸಿದ್ದು ಎಂದು ಅವರು ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕಾರ್ಯದರ್ಶಿ ತಾವಾಗಿಯೇ, ಅದೆಲ್ಲ ಹಿಂದಿನವರ ಕಾಲದ್ದು ಎಂದರು. ಮಾವ ಒಂದು ಕುರ್ಚಿಯನ್ನು ತಿರುಗಿಸಿ ಹಿಡಿದರು. ನಂಬರಿನ ಪಕ್ಕ ಉಳಿಯ ತುದಿಯಿಂದ ಒತ್ತಿದ ಒಂದು ಪುಟ್ಟ ಗುಳಿ ಇತ್ತು. ಜಾಗ ಬಿಟ್ಟು ಕದಲಿದ ಪ್ರತಿ ಕುರ್ಚಿಗೂ ಆ ಗುರುತು ಹಾಕುತ್ತಿದ್ದರಂತೆ, ಯಾರೂ ಹೇಳಿರಲಿಲ್ಲ, ಕೇಳಿರಲೂ ಇಲ್ಲ. ಇಂಜಿನಿಯರ್ ಒಂದೊಂದೇ ತಿರುಗಿಸಿ ನೋಡಿದಳು. ಮೊದಲ ಎರಡು ಸಾಲಿನಲ್ಲಿ ಗುಳಿಗಳಿದ್ದವು. ಬಿಳಿ ಪಟ್ಟಿಯ ಕುರ್ಚಿಗಳಲ್ಲಿ ಒಂದಕ್ಕೂ ಇರಲಿಲ್ಲ. ಅಂಗೈ ಹುಣ್ಣಿಗೆ ಇನ್ನೆಂಥ ಕನ್ನಡಿ.

ಲಾರಿಯನ್ನು ವಾಪಸ್ ಕಳಿಸಿದವಳು ಅವಳೇ. ಸಂಜೆ ಐದಕ್ಕೆ ಮತ್ತೆ ಬಂದಳು. ಕುರ್ಚಿ ಕಿತ್ತ ಏಳನೇ ಬ್ಲಾಕಿನ ಬರಿಯ ಕಾಂಕ್ರೀಟು ಮೆಟ್ಟಿಲ ಮೇಲೆ, ಗಾಲಿಕುರ್ಚಿಯ ಎತ್ತರಕ್ಕೆ ಎರಡು ಇಟ್ಟಿಗೆ ಇಟ್ಟುಕೊಂಡು ಕೂತಳು. ಐದೂ ಹನ್ನೆರಡಕ್ಕೆ ಬಿಸಿಲು ಬಂತು. ಕೈ ಅಡ್ಡ ಹಿಡಿಯದೆ ಮುಕ್ಕಾಲು ಗಂಟೆ ಕೂತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆಮೇಲೆ ಮಾವನ ಹತ್ತಿರ ಬಂದು, "ಆ ಒಂದು ಗಂಟೆ ಯಾವ್ದು ಅಂತ ನೀವು ಅವತ್ತೇ ಕೇಳಿದ್ರಿ. ನಾನೇ ಕೇಳಿಸ್ಕೊಳ್ಳಲಿಲ್ಲ," ಎಂದಳು. ನಾನು ಅವಳ ಮೇಲಿಟ್ಟುಕೊಂಡಿದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು. ತಪ್ಪನ್ನು ತಪ್ಪು ಎನ್ನಲು ಗಟ್ಟಿ ಎದೆ ಬೇಕು.

ವೇದಿಕೆ ಐದನೇ ಬ್ಲಾಕಿಗೆ ಹೋಯಿತು. ಲಿಫ್ಟಿನಿಂದ ಅಲ್ಲಿಯವರೆಗೆ ಇಳಿಜಾರು ದಾರಿ ಕಟ್ಟಿದರು, ಅದಕ್ಕೆ ಎರಡು ತಿಂಗಳು ತಡವಾಯಿತು ಎಂದು ಊರೆಲ್ಲ ಗೊಣಗಿತು. ಗೊಣಗಲಿ.

ಹೊಸ ಗ್ಯಾಲರಿಯ ಮೊದಲ ಪಂದ್ಯದ ದಿನ ಅತ್ತೆಯ ಕೊರಳಲ್ಲಿ ಸ್ಕಾರ್ಫ್ ಇತ್ತು. ಗಾಲಿಕುರ್ಚಿಯ ಪಕ್ಕದಲ್ಲಿ ಜೊತೆಗಾರರಿಗೆ ಒಂದೇ ಸೀಟು. ಮಾವ ಅದನ್ನು ನನಗೆ ಬಿಟ್ಟುಕೊಟ್ಟು, ತಾವು ಕೇಳಿ ಪಡೆದದ್ದು ಏಳನೇ ಬ್ಲಾಕಿನ ನಟ್ಟನಡುವಿನ ಸೀಟು. ಯಾಕೆ ಎಂದರೆ, ನಾನು ಹೇಳಿದ್ದು ಸರಿಯೋ ಇಲ್ಲವೋ ನೋಡಬೇಡವೇ ಎಂದರು.

ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಬಿಸಿಲು ಸಂದಿನಿಂದ ಬಂತು. ಏಳನೇ ಬ್ಲಾಕಿನಲ್ಲಿ ಟೋಪಿಗಳು ಕಣ್ಣಿನ ಮೇಲೆ ಇಳಿದವು, ಕೈಗಳು ಹಣೆಗೆ ಹೋದವು. ನಮ್ಮ ಮೇಲೆ ತಂಪು ನೆರಳು. ಅತ್ತೆಯ ಎರಡೂ ಕಣ್ಣು ತೆರೆದೇ ಇದ್ದವು, ಒಣಗಿಯೇ ಇದ್ದವು. ಆದರೆ ಅವು ಮೈದಾನದ ಕಡೆಗಿರಲಿಲ್ಲ. ಮುಖದ ತುಂಬ ಬಿಸಿಲು ಹೊಡೆಸಿಕೊಂಡು, ಹಲ್ಲು ಬಿಟ್ಟು ನಗುತ್ತಾ ಕೂತ ಒಬ್ಬ ಮುದುಕನ ಕಡೆಗಿದ್ದವು.

ಅತ್ತೆ ಎಡಗೈಯ ಎರಡು ಬೆರಳನ್ನು ಬಾಯಿಗಿಟ್ಟುಕೊಂಡರು. ಲಕ್ವ ಹೊಡೆದ ಮೇಲೆ ಅವರು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ತುಟಿ ಮಾತು ಕೇಳಲಿಲ್ಲ, ಬರೀ ಗಾಳಿ ಬಂತು, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಆದರೆ ಅಲ್ಲಿ, ಎರಡು ಬ್ಲಾಕಿನಾಚೆ, ಅಷ್ಟು ಸಾವಿರ ಜನರ ಗದ್ದಲದಲ್ಲಿ, ಬಿಸಿಲಿಗೆ ಏನೂ ಕಾಣದ ಮಾವ ತಟ್ಟನೆ ಎದ್ದು ನಿಂತು ಟೋಪಿ ತೆಗೆದು ಎತ್ತಿ ಹಿಡಿದರು. ನಾಲ್ಕು ಜನರೆದುರು ಬಾಯಿ ಬಿಡದ ಮನುಷ್ಯ. ಇವರು ನಮ್ಮ ಮಾವ ಎಂದು ಪಕ್ಕದವರಿಗೆಲ್ಲ ಹೇಳಿದೆ, ಕೇಳದವರಿಗೂ ಹೇಳಿದೆ.

ಅತ್ತೆ ನನ್ನ ಸೆರಗು ಎಳೆದರು. ಅವರ ಕೆನ್ನೆ ಒದ್ದೆಯಾಗಿತ್ತು, ಬಿಸಿಲಂತೂ ಇರಲಿಲ್ಲ.

"ನಿಮ್ಮ ಮಾವನಿಗೆ ಕೂತ್ಕೊಳ್ಳೋಕೆ ಹೇಳೇ," ಎಂದರು. "ಹಿಂದಿನವ್ರಿಗೆ ಆಟ ಕಾಣಲ್ಲ."