ಬಸವಣ್ಣೆಮ್ಮನ ಕೊನೆಯ ಸವಾರಿಯ ಕುರ್ಚಿ

ಕಾಶಿಗೆ ಬಂದವರು ತಮಗೆ ಇಷ್ಟವಾದದ್ದೊಂದನ್ನು ಬಿಡಬೇಕು ಎನ್ನುತ್ತಾರೆ. ಹನ್ನೊಂದು ವರ್ಷದ ಹಿಂದೆ ಕೊಪ್ಪಳದ ಕಡೆಯಿಂದ, ಸಾಯಲೆಂದೇ ಬಂದ ಬಸವಣ್ಣೆಮ್ಮ ಹಾಗಲಕಾಯಿ ಬಿಟ್ಟಳು. ಹುಟ್ಟಿದಾಗಿನಿಂದ ಅದನ್ನು ಬಾಯಿಗಿಟ್ಟವಳೇ ಅಲ್ಲ. ಇಂಥವಳಿರುವ ಸಂಘದ ನಡಾವಳಿ ಬರೆಯುವುದು ಜಂಗಮವಾಡಿ ಮಠದ ನಿವೃತ್ತ ಗುಮಾಸ್ತನಾದ ನನ್ನ ಪಾಲಿಗೆ ಬಂದಿದೆ. ನನ್ನ ಕರ್ಮ.

ಸಂಘವೆಂದರೆ ನಮ್ಮ ಗಲ್ಲಿಯ ಹದಿನೇಳು ಕನ್ನಡದ ಮುದುಕಿಯರು ಮತ್ತು ಅಧ್ಯಕ್ಷೆ ಸುಚಿತ್ರಾ. ಅವಳು ಕಾಶಿಯ ಭೇಲೂಪುರದಲ್ಲೇ ಹುಟ್ಟಿ ಬೆಳೆದ ಹುಡುಗಿ, ಅಜ್ಜಿಯರನ್ನೆಲ್ಲ ಹಿಂದಿಯಲ್ಲಿ 'ದಾದಿ' ಎನ್ನುತ್ತಾಳೆ. ಎಲ್ಲರೂ ತಿಂಗಳಿಗೆ ಕೈಲಾದಷ್ಟು ಹಾಕುತ್ತಾರೆ. ವರ್ಷಕ್ಕೊಮ್ಮೆ ಕೈ ಎತ್ತಿ, ಊರಿನ ಯಾವುದಾದರೂ ಸೇವಾ ಸಂಸ್ಥೆಯ ಒಂದು ಕೆಲಸಕ್ಕೆ ಅಷ್ಟನ್ನೂ ಕೊಟ್ಟುಬಿಡುತ್ತಾರೆ. ಹತ್ತು ಹಾಕಿದವಳಿಗೂ ಸಾವಿರ ಹಾಕಿದವಳಿಗೂ ಒಂದೇ ಕೈ. ಒಂದು ವರ್ಷ ರಿಕ್ಷಾದವರಿಗೆ ಕನ್ನಡಕ, ಇನ್ನೊಂದು ವರ್ಷ ಶಾಲೆಗೆ ನೀರಿನ ತೊಟ್ಟಿ. ಸುಚಿತ್ರಾಳದು ಒಂದೇ ನಿಯಮ: ಈ ಹಣದಿಂದ ಸದಸ್ಯರಿಗೆ ಲಾಭವಾಗಬಾರದು.

ಹೋದ ವರ್ಷ ಬಸವಣ್ಣೆಮ್ಮನ ಪಕ್ಕದ ಕೋಣೆಯ ಜಗದಾಂಬ ತೀರಿಕೊಂಡಳು. ಸತ್ತವರನ್ನು ಕೂರಿಸಿ ಒಯ್ದು, ಕೂರಿಸಿಯೇ ಮಣ್ಣು ಮಾಡುವುದು ನಮ್ಮ ಲಿಂಗಾಯತರ ಪದ್ಧತಿ. ಆದರೆ ಪುಕ್ಕಟೆ ಹೆಣ ಸಾಗಿಸುವ ಸಣ್ಣ ಸಂಸ್ಥೆಯೊಂದರ ಟೋಟೋ ಎಂಬ ಬ್ಯಾಟರಿ ಗಾಡಿಯಲ್ಲಿ ಇದ್ದದ್ದು ಉದ್ದನೆಯ ಹಲಗೆ ಮಾತ್ರ. ಮಲಗಿಸಿಯೇ ಒಯ್ದರು. ಬಸವಣ್ಣೆಮ್ಮ ಎರಡು ದಿನ ಊಟ ಮಾಡಲಿಲ್ಲ.

"ಆಕಿ ಹಗಲೊತ್ತು ಮಲಗಿದಾಕೀನ ಅಲ್ಲ. ನಾ ಅಂತೂ ಕುಂತ ಹೋಗಾಕಿ," ಎಂದಳು. ಅಂದಿನಿಂದ ಆಕೆಗೆ ಬೇರೆ ಆಸೆಯೇ ಇರಲಿಲ್ಲ.

ಮುಂದಿನ ಸಭೆಯಲ್ಲಿ, ಆ ಗಾಡಿಗೆ ಕುರ್ಚಿ ಹಾಕಿಸಲು ಈ ವರ್ಷದ ಹಣ ಕೊಡಬೇಕೆಂದು ಪಟ್ಟು ಹಿಡಿದಳು.

"ದಾದಿ, ನಿಯಮ್ ಗೊತ್ತಲ್ಲಾ? ನೀವು ಮೆಂಬರ್," ಎಂದಳು ಸುಚಿತ್ರಾ.

"ಸತ್ತಮ್ಯಾಲೆ ನಾ ಎಲ್ಲಿ ಮೆಂಬರು?"

ಸುಚಿತ್ರಾ ಪುಸ್ತಕ ತೆಗೆದು ನೋಡಿದಳು. ಸತ್ತರೆ ಸದಸ್ಯತ್ವ ಹೋಗುತ್ತದೆಂದು ಅವಳೇ ಬರೆದಿದ್ದಳು. ಹದಿನೇಳು ಕೈ ಮೇಲೆದ್ದವು.

ಕುರ್ಚಿ ಬಂತು. ಎತ್ತರದ ಬೆನ್ನು, ನಾಲ್ಕು ಪಟ್ಟಿ, ಹೂಮಾಲೆಗೆ ಕೊಕ್ಕೆ. ಪರೀಕ್ಷೆ ಮಾಡಲು ಹೆಣವಿರಲಿಲ್ಲ, ಮುದುಕಿಯರೆಲ್ಲ ಗಟ್ಟಿಮುಟ್ಟಾಗಿದ್ದರು. ಬಸವಣ್ಣೆಮ್ಮನೇ ವಿಭೂತಿ ಬಳಿದು, ಮಾಲೆ ಹಾಕಿಕೊಂಡು ಏರಿ ಕೂತಳು. ಚಾಲಕ ರಾಜೇಶ ಪಟ್ಟಿ ಬಿಗಿದು, "ಮಾಯಿ, ಹಿಲ್ನಾ ಮತ್," ಎಂದ. ಗೋದೌಲಿಯಾ ಚೌಕದವರೆಗೆ ಆಕೆ ಅಲುಗಾಡಲಿಲ್ಲ.

ಅಲ್ಲೊಬ್ಬ ಪಾನ್‌ವಾಲಾ ಹೆಣಕ್ಕೆ ಕೈ ಮುಗಿದ. ಕೈ ಮುಗಿದವರಿಗೆ ತಿರುಗಿ ಕೈ ಮುಗಿಯದೆ ಬಿಟ್ಟವಳಲ್ಲ ಬಸವಣ್ಣೆಮ್ಮ. ಮುಗಿದಳು. ಪಾನ್‌ವಾಲಾ ತನ್ನ ಒದ್ದೆ ಎಲೆಗಳ ಮೇಲೆಯೇ ಕುಸಿದು ಕೂತ. ರಿಕ್ಷಾಗಳು ನಿಂತವು. ಹೆಂಗಸರು ಮಕ್ಕಳನ್ನು ತಂದು ಆಕೆಯ ಕಾಲಿಗೆ ಹಾಕಿದರು. ಆಕೆ ಒಂದು ಕೂಸಿನ ಹೆಸರು ಬೇರೆ ಕೇಳಿದಳು. "ಅವರು ಬದುಕಿದ್ದಾರೆ, ಮೊದಲಿನಿಂದಲೂ ಬದುಕಿದ್ದಾರೆ," ಎಂದು ನಾನು ಹಿಂದಿನಿಂದ ಹಿಂದಿಯಲ್ಲಿ ಬಡಕೊಂಡೆ. ಜನ ಹೆಣವನ್ನು ನಂಬಿದರೇ ಹೊರತು ನನ್ನನ್ನಲ್ಲ. ಜೈಕಾರ ಹಾಕುತ್ತ ಗಾಡಿಯನ್ನು ಘಾಟಿನ ಕಡೆಗೆ ತಾವೇ ತಳ್ಳಿಕೊಂಡು ಹೋದರು.

ಮೆಟ್ಟಿಲುಗಳ ತುದಿಯಲ್ಲಿ ಗಾಡಿ ನಿಂತಿತು. ಎದುರಿಗೆ ಗಂಗೆ. ಹತ್ತು ನಿಮಿಷದ ದಾರಿಯಾದರೂ ಮಂಡಿನೋವಿನಿಂದ ಆಕೆ ನಾಲ್ಕು ವರ್ಷದಿಂದ ಹೊಳೆಯನ್ನು ನೋಡಿರಲಿಲ್ಲ. ಮಗುವಿನಂತೆ ಅತ್ತಳು. ನನಗೂ ಅಳು ಬಂತು.

ಮುಂದಿನ ವಾರ ಸುಚಿತ್ರಾ ವರದಿ ಕೇಳಿದಳು.

"ಕುರ್ಚಿ ಚಲೋ ಐತಿ," ಎಂದಳು ಬಸವಣ್ಣೆಮ್ಮ. "ಸೋಮವಾರ ಮಾತ್ರ ಅದು ಹೆಣಕ್ಕ ಬ್ಯಾಡ. ಕಾಲು ಬರದಾಕಿಗಳಿಗೆ ಗಂಗಿ ತೋರಸ್ರಿ. ಗಾಡಿಯವರು ಹೂಂ ಅಂದಾರ. ಮೊದಲು ತಾರಾದೇವಿ. ಆಕಿ ಆರು ವರ್ಷ ಆತು ಕೆಳಗ ಇಳದು."

"ಜೀವಂತ ಮೆಂಬರ್‌ಗೆ ಲಾಭ ಆಗತ್ತೆ, ದಾದಿ. ನಹೀ ಹೋಗಾ."

"ಹಂಗಾದ್ರ ನನ್ನ ಹೆಸರು ಹೊಡದು ಹಾಕು."

ತಾರಾದೇವಿಯೂ ತನ್ನ ಹೆಸರು ಹೊಡೆಸಿದಳು. ಆಮೇಲೆ ಸಾಲಾಗಿ ಉಳಿದವರೆಲ್ಲ. ಸಂಘದಲ್ಲಿ ಸುಚಿತ್ರಾ ಒಬ್ಬಳೇ ಉಳಿದಳು. ಪುಸ್ತಕ ನೋಡಿದಳು, ಮುದುಕಿಯರನ್ನು ನೋಡಿದಳು, ಕೊನೆಗೆ ತನ್ನ ಕೈ ತಾನೇ ಎತ್ತಿದಳು. 'ಸರ್ವಾನುಮತ' ಎಂದು ಬರೆದುಕೊಂಡೆ.

ಎಲ್ಲ ಮುಗಿದ ಮೇಲೆ ಅವಳು ಮೆಲ್ಲಗೆ ಕೇಳಿದಳು: "ದಾದಿ, ನೀವು ಸೋಮವಾರವೇ ಹೋಗ್ಬಿಟ್ರೆ?"

ಬಸವಣ್ಣೆಮ್ಮ ಮಂಡಿ ಹಿಡಿದುಕೊಂಡು ಎದ್ದಳು.

"ಮಲಗಿಸಿ ಒಯ್ರಿ," ಎಂದಳು. "ಅವತ್ತು ಕುರ್ಚಿ ತಾರಾದೇವಿಗೆ ಬೇಕಾಕ್ಕೈತಿ."