ನಾನೂರರಿಂದ ನೂರಕ್ಕೆ

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ಕತ್ತಲೆಗೆಂದೇ ಬೇರೆ ಫಿಲ್ಮ್ ಸಿಗುತ್ತಿತ್ತು. ಪುಣೆಯ ಒಂದು ಕಚೇರಿಯಲ್ಲಿ ಕ್ಲರ್ಕ್ ಆಗಿದ್ದ ಅಪ್ಪನಿಗೆ ಫೋಟೋ ತೆಗೆಯುವುದೊಂದೇ ಹುಚ್ಚು. ನಮ್ಮ ಕಾನ್ವೆಂಟಿನ ಆ್ಯನ್ಯುಯಲ್ ಡೇಗೆ ಅಕ್ಕ ದೀಪ ಹಿಡಿದು ಕುಣಿಯುವವಳಿದ್ದಳು. ವೇದಿಕೆಯ ಮೇಲೆ ಮಂದ ಬೆಳಕು. ಫ್ಲ್ಯಾಶ್ ಹೊಡೆಯಕೂಡದೆಂದು ಸಿಸ್ಟರ್ ಸ್ಟ್ರಿಕ್ಟಾಗಿ ಹೇಳಿದ್ದರು. ಅದಕ್ಕೇ ಅಪ್ಪ ಪುಣೆಯ ಕ್ಯಾಂಪ್ ಪೇಟೆಯ ಅಂಗಡಿಗೆ ಹೋಗಿ, ಬಿಸಿಲಿಗೆ ಬಳಸುವ ನೂರು ಸ್ಪೀಡಿನ ಫಿಲ್ಮ್ ಬಿಟ್ಟು, ನಾನೂರರದನ್ನು ಆರಿಸಿ ತಂದಿದ್ದರು.

ಅಂದು ಬೆಳಿಗ್ಗೆ ಕಿಟಕಿಗೆ ಬೆನ್ನು ಮಾಡಿ ಕೂತು ರೋಲ್ ಹಾಕಿದರು. ಹೊಸ ಫಿಲ್ಮಿನ ಔಷಧಿಯಂಥ ವಾಸನೆ ಮೂಗಿಗೆ ಬಂತು. ಕ್ಯಾಮರಾದ ಸಣ್ಣ ಡಯಲನ್ನು ಕಟಕಟ ತಿರುಗಿಸಿ ನಾನೂರಕ್ಕೆ ನಿಲ್ಲಿಸಿದರು. ಫಿಲ್ಮ್ ಎಷ್ಟು ಚುರುಕೆಂದು ಅಲ್ಲಿ ಹೇಳಿಬಿಟ್ಟರೆ, ಎಷ್ಟು ಹೊತ್ತು ಕಣ್ಣು ತೆರೆಯಬೇಕೆಂದು ಕ್ಯಾಮರಾ ತಾನೇ ನೋಡಿಕೊಳ್ಳುತ್ತಿತ್ತು.

“ಅಪ್ಪಾ, ನಂದೂ ಒಂದ್ ತಗೀರಿ,” ಎಂದೆ.

“ಒಂದೂ ಇಲ್ಲವ್ವಾ. ರೋಲಿನ ಮೂವತ್ತಾರೂ ಅಕ್ಕನ ಡಾನ್ಸಿಗೇ ಬೇಕು.”

ಕನ್ನಡಿಯ ಮುಂದಿದ್ದ ಅಕ್ಕ ತಿರುಗಿದಳು. “ಇಕಿ ಕರಿ ಮಾರಿಗೆ ಈ ಫಿಲ್ಮೂ ಸಾಲಂಗಿಲ್ರಿ ಅಪ್ಪಾ. ಇನ್ನೂ ಫಾಸ್ಟ್ ಇದ್ದದ್ದು ತರಬೇಕಾಗ್ತದ.”

ಒಲೆಯ ಮುಂದೆ ಅವ್ವ ಕಿಸಕ್ಕನೆ ನಕ್ಕಳು. ಅದು ಹೋಗಲಿ, ಅಪ್ಪನೂ ನಕ್ಕರು.

ಅವರು ಸ್ನಾನಕ್ಕೆ ಹೋದಾಗ ನಾನು ಡಯಲನ್ನು ನೂರಕ್ಕೆ ತಿರುಗಿಸಿಟ್ಟೆ. ಏನಾಗುತ್ತದೆಂದು ಚೆನ್ನಾಗಿ ಗೊತ್ತಿತ್ತು, ಅಪ್ಪನೇ ಕಲಿಸಿದ್ದರು. ಕ್ಯಾಮರಾ ನಾಲ್ಕು ಪಟ್ಟು ಹೊತ್ತು ಕಣ್ಣು ತೆರೆದಿರುತ್ತದೆ. ಕುಣಿಯುವ ಅಕ್ಕ ಕಲಸಿಹೋಗುತ್ತಾಳೆ.

ಸಂಜೆ ಕಾನ್ವೆಂಟಿನ ಸಭಾಂಗಣದಲ್ಲಿ ಎಣ್ಣೆ ದೀಪದ ಹೊಗೆ, ಮಲ್ಲಿಗೆಯ ಘಮ. ಅಪ್ಪ ವೇದಿಕೆಯ ಮುಂದೆ ಮೊಣಕಾಲೂರಿ, ಉಸಿರು ಬಿಗಿಹಿಡಿದು ಒಂದೊಂದೇ ತೆಗೆದರು. ಆ ಕತ್ತಲಲ್ಲಿ ಡಯಲ್ ಕಾಣುವಂತಿರಲಿಲ್ಲ. ಅಕ್ಕ ನಿಜಕ್ಕೂ ಚೆಂದ ಕುಣಿದಳು. ಮನೆಗೆ ಬಂದು ಅಪ್ಪ ಬೂಟು ಬಿಚ್ಚುವಷ್ಟರಲ್ಲಿ ನಾನು ಡಯಲನ್ನು ಸೈಲೆಂಟಾಗಿ ನಾನೂರಕ್ಕೆ ತಂದಿಟ್ಟೆ.

ನಾಲ್ಕು ದಿನದ ಮೇಲೆ ಫೋಟೋ ಬಂದವು. ಗಾಳಿಗೆ ಹಾರಿದ ಬಟ್ಟೆಯಂಥ ಬಿಳಿ ಕಲೆ, ಉದ್ದಕ್ಕೆ ಎಳೆದುಹೋದ ದೀಪ. ಅಕ್ಕ ಮೂವತ್ತಾರನ್ನೂ ತಿರುವಿ ಹಾಕಿದಳು.

“ನನ್ನ ಮಾರಿ ಎಲ್ಲಿ ಅದರಿ ಅಪ್ಪಾ?”

ಅಪ್ಪ ಡಯಲ್ ನೋಡಿದರು. ನಾನೂರು. “ಎಲ್ಲಾ ಬರೋಬರಿ ಅದ. ಕೈ ಅಲುಗ್ಯಾವ ಅಂದ ಅಂಗಡ್ಯಾಂವ.”

“ನಡಗೂ ಕೈಗೆ ಕ್ಯಾಮರಾ ಯಾಕ್ ಬೇಕ್ರಿ?” ಎಂದಳು ಅವ್ವ.

ಅಪ್ಪ ಎರಡೂ ಕೈಗಳನ್ನು ಕಿಟಕಿಯ ಬೆಳಕಿಗೆ ಚಾಚಿ ಬಹಳ ಹೊತ್ತು ನೋಡಿದರು. ಅವು ಒಂದಿಷ್ಟೂ ನಡುಗುತ್ತಿರಲಿಲ್ಲ. ಪೆನ್ಸಿಲ್ ಬಿದ್ದರೂ ಸಾರಿ ಹೇಳಬೇಕೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು, ಬಾಯಿ ಮುಚ್ಚಿ ನಿಂತಿದ್ದೆ. ಮುಂದಿನ ಭಾನುವಾರ ಅವರು ಕ್ಯಾಮರಾವನ್ನು ಕಚೇರಿಯ ಗೆಳೆಯರೊಬ್ಬರಿಗೆ ಕೊಟ್ಟುಬಿಟ್ಟರು. ಆಮೇಲೆ ಚಹಾದ ಕಪ್ ಎತ್ತುವಾಗಲೂ ಒಮ್ಮೆ ಕೈ ನೋಡಿಕೊಳ್ಳುತ್ತಿದ್ದರು.

ಮೊನ್ನೆ ನಮ್ಮ ನಿಗಡಿಯ ಫ್ಲ್ಯಾಟಿನಲ್ಲಿ ಕರೆಂಟ್ ಹೋದಾಗ ನೀವು ಒಂದೇ ಮೇಣದಬತ್ತಿಯ ಬೆಳಕಲ್ಲಿ ಮೊಬೈಲಿನಿಂದ ನನ್ನ ಫೋಟೋ ತೆಗೆದಿರಿ. ಯಾವ ಫಿಲ್ಮೂ ಆರಿಸಬೇಕಿರಲಿಲ್ಲ. “ಶೇಕ್ ಆಗ್ಯದ ಅಜ್ಜಿ, ಡಿಲೀಟ್ ಮಾಡಿ ಇನ್ನೊಂದ್ ತಗೀತೀವಿ,” ಎಂದಿರಿ. ಎರಡನೆಯದರಲ್ಲಿ ನನ್ನ ಕರಿ ಮುಖ ಸುಕ್ಕು ಸಮೇತ ಸ್ಪಷ್ಟವಾಗಿ ಬಂತು.

ನಮ್ಮ ಹಳೆಯ ಆಲ್ಬಮ್ ಅರ್ಧಕ್ಕೇ ಯಾಕೆ ಖಾಲಿ ಎಂದು ಕೇಳುತ್ತಿದ್ದಿರಲ್ಲ, ಅದಕ್ಕೇ ಇದನ್ನು ಬರೆದೆ. ತಮ್ಮ ಕೈಯೇ ನಡುಗಿತೆಂದು ಅಪ್ಪ ಕೊನೆಯವರೆಗೂ ನಂಬಿದ್ದರು.