ಏಡಿಹಕ್ಕಿಗೆ ಎರಡು ದುರ್ಬೀನು

ನಮ್ಮ ಕರಾವಳಿಯ ಹಕ್ಕಿಗಳದ್ದೊಂದು ಪಟ್ಟಿ ಇದೆ. ಹವ್ಯಾಸಿಗಳ ಒಂದು ಗುಂಪು ಅದನ್ನು ಬೆಳೆಸಿಕೊಂಡು ಬಂದಿದೆ. ಅದರಲ್ಲಿ ಕ್ರ್ಯಾಬ್ ಪ್ಲೋವರ್ ಎಂಬ ಏಡಿ ತಿನ್ನುವ ಕಪ್ಪು-ಬಿಳಿ ಹಕ್ಕಿಯ ಮುಂದೆ ಒಂದೇ ದಾಖಲೆ, ಅದು ನನ್ನದು. ಎಂಟು ವರ್ಷದ ಹಿಂದೆ ಕುಮಟೆಯ ಅಘನಾಶಿನಿ ಅಳಿವೆಯಲ್ಲಿ ಒಬ್ಬನೇ ಇದ್ದಾಗ ಕೈದುರ್ಬೀನಿನಲ್ಲಿ ನೋಡಿದ್ದು. ಫೋಟೋ ಇಲ್ಲ. ಈಗ ಪಟ್ಟಿಯನ್ನು ಪುಸ್ತಕ ಮಾಡುತ್ತಿದ್ದಾರೆ. ಈ ದಾಖಲೆ ಇರಲೋ ತೆಗೆಯಲೋ ನೀವೇ ತಿಳಿಸಿ ಎಂದು ಗುಂಪಿನವರು ಸಂದೇಶ ಕಳಿಸಿದರು.

ನಾನು ಹೊನ್ನಾವರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಪುರಾವೆಯಿಲ್ಲದ್ದನ್ನು ಒಪ್ಪಬಾರದೆಂದು ಧಾರವಾಡದಲ್ಲಿ ಎರಡು ವರ್ಷ ಕಲಿತು ಬಂದು, ಆಮೇಲೆ ಉಳಿದವರಿಗೆಲ್ಲ ಅದನ್ನೇ ಹೇಳುತ್ತ ಬಂದವನು. ಹಳದೀಪುರದ ನಮ್ಮ ಕೇರಿಯಲ್ಲಿ ದೆವ್ವದ ಮಾತು ಬಂದರೆ ನಾನು ದಾಟಿಹೋಗುವ ತನಕ ಜನ ಸುಮ್ಮನಿರುತ್ತಾರೆ. ಹಾಗಾಗಿ ಆ ಹಕ್ಕಿ ಉಳಿಯುವುದು ಅಳಿಯುವುದು ನನ್ನ ಮಟ್ಟಿಗೆ ಸಣ್ಣ ವಿಷಯವಾಗಿರಲಿಲ್ಲ.

ನೆನಪು ಸ್ಪಷ್ಟವಾಗಿತ್ತು. ಹಕ್ಕಿ ಮೂರು ಹೆಜ್ಜೆ ನಡೆಯಿತು, ಏಡಿ ಹಿಡಿಯಿತು, ಕೊಡವಿತು, ನುಂಗಿತು. ಆ ದಿನದ ಟಿಪ್ಪಣಿ ಪುಸ್ತಕ ಹುಡುಕಿ ತೆಗೆದೆ. ಅದರಲ್ಲಿ ಇದ್ದದ್ದು ಇಷ್ಟು: 'ದೂರ. ಬಿಸಿಲು. ಕಪ್ಪು-ಬಿಳಿ, ನಿಂತಿದೆ.' ಏಡಿ ಇರಲಿಲ್ಲ. ಹೆಜ್ಜೆಯೂ ಇರಲಿಲ್ಲ. ಭಟ್ಕಳದ ಶಾಲೆಯೊಂದರಲ್ಲಿ ಹಕ್ಕಿಗಳ ಬಗ್ಗೆ ಭಾಷಣ ಮಾಡಿದಾಗ ಮಕ್ಕಳು 'ಅದು ಎಂತ ತಿಂತು ಸಾರ್' ಎಂದು ಕೇಳಿದ್ದರು. ಏಡಿ ಅಲ್ಲೇ ಸೇರಿಕೊಂಡಿರಬೇಕು.

ಆ ಜಾಗಕ್ಕೆ ಹೋಗಿ ಇನ್ನೊಮ್ಮೆ ನೋಡಿಯೇ ಉತ್ತರ ಕೊಡುವುದೆಂದುಕೊಂಡೆ. ಕೈದುರ್ಬೀನನ್ನು ಮತ್ತೆ ನಂಬುವ ಹಾಗಿರಲಿಲ್ಲ. ಸ್ಟ್ಯಾಂಡಿನ ಮೇಲೆ ಕೂರುವ, ದೂರದ್ದನ್ನು ಇಪ್ಪತ್ತು-ಮೂವತ್ತು ಪಟ್ಟು ಹತ್ತಿರ ತರುವ ಸ್ಪಾಟಿಂಗ್ ಸ್ಕೋಪ್ ಬೇಕಿತ್ತು. ಕತಗಾಲದಲ್ಲಿರುವ ನನ್ನ ಅಕ್ಕನ ಗಂಡನಿಗೆ ನಕ್ಷತ್ರದ ಹುಚ್ಚು. ನಾನು ಅವನಿಗೆ ಭಾವ, ಅವನು ನನಗೆ ಭಾವ. ಇಬ್ಬರೂ ಸೇರಿ ಒಂದು ಕೊಳ್ಳುವುದೆಂದು ಮಾತಾಯಿತು. ನಂತರ ಜಗಳ ಶುರುವಾಯಿತು.

ಸ್ಕೋಪಿನಲ್ಲಿ ಎರಡು ಜಾತಿ. ಒಂದು ಕೋವಿಯ ಹಾಗೆ ನೆಟ್ಟಗೆ. ಇನ್ನೊಂದರಲ್ಲಿ ಕಣ್ಣಿಡುವ ತುದಿ ಮೇಲಕ್ಕೆ ಸೊಟ್ಟಗೆ ತಿರುಗಿರುತ್ತದೆ, ಬಗ್ಗಿ ನೋಡಬೇಕು. ನನಗೆ ನೆಟ್ಟಗಿನದು ಬೇಕು. ಹಕ್ಕಿ ಇರುವ ಕಡೆಗೇ ಮುಖ ಇರಬೇಕೆಂಬುದು ನನ್ನ ವಾದ.

'ನೆಟ್ಟಗಿಂದು ತಗಂಡ್ರೆ ನೆತ್ತಿ ಮೇಲಿನ ನಕ್ಷತ್ರ ನೋಡಲೆ ನಾ ಅಂಗಳದಲ್ಲಿ ಅಂಗಾತ ಬಿದ್ಕಳವು' ಎಂದ ಭಾವ.

'ಬಿದ್ಕ. ನಕ್ಷತ್ರ ಹಾರಿ ಹೋಗ್ತಿಲ್ಲೆ' ಎಂದೆ.

ಭಾವನಿಗೆ ಗುರುತಿನ ಭಟ್ಕಳದ ಡಾಕ್ಟರೊಬ್ಬರ ಬಳಿ ಎರಡೂ ಇದ್ದವು. ಒಂದು ದಿನದ ಮಟ್ಟಿಗೆ ಕೊಡಲು ಒಪ್ಪಿ, ಯಾವುದೇ ಆಗಲಿ, ಒಳಗೆ ನೀರು-ಗಾಳಿ ಹೋಗದ ಹಾಗೆ ಬಿಗಿ ಮಾಡಿದ್ದನ್ನೇ ಕೊಳ್ಳಿ, ಇಲ್ಲದಿದ್ದರೆ ನಮ್ಮ ಮಳೆಗಾಲಕ್ಕೆ ಗಾಜಿಗೆ ಬೂಷ್ಟು ಹಿಡಿಯುತ್ತದೆ ಎಂದರು. ದಿನ ಗೊತ್ತುಮಾಡಿದ್ದು ನಾನು. ಅಮಾವಾಸ್ಯೆಯಂದು ಇಲ್ಲಿ ಸಮುದ್ರದ ಭರ್ತಿ, ಅಂದರೆ ಉಬ್ಬರ, ನಡುಹಗಲಿಗೆ; ಇಳಿತ ಸಂಜೆಗೆ. ಇಳಿತದಲ್ಲಿ ಕೆಸರು ತೆರೆದು ಹಕ್ಕಿ ಇಳಿಯುತ್ತವೆ. ಆಮೇಲೆ ಚಂದ್ರನ ಕಾಟವಿಲ್ಲದ ಕತ್ತಲು.

ಅಕ್ಕ ಒಪ್ಪಲಿಲ್ಲ. 'ಅಮಾಸೆ ದಿನ ಯಾರಾದ್ರೂ ಹೊಸ ಸಾಮಾನು ಮುಟ್ತ್ವನ ತಮಾ?'

'ಹೊಸದಲ್ದೇ ಅಕ್ಕಾ, ಡಾಕ್ಟರದ್ದು. ಬರೀ ನೋಡದು.'

'ನೋಡಿದ್ನೇ ಆಮೇಲೆ ತಗಳದು ಅಲ್ದ? ದೀಪಾವಳಿ ಅಮಾಸೆ ಆಗಿದ್ರೆ ಬೇರೆ ಮಾತು.'

ದೀಪಾವಳಿ ಹೋಗಿ ತಿಂಗಳಾಗಿತ್ತು. ಹೋದೆವು.

ಅಳಿವೆಯ ಕಟ್ಟೆಯ ಮೇಲೆ, ಎಂಟು ವರ್ಷದ ಹಿಂದೆ ನಾನು ನಿಂತಿದ್ದೆನೆಂದು ನನಗೆ ಅನಿಸುವ ಜಾಗದಲ್ಲಿ, ಎರಡು ಸ್ಟ್ಯಾಂಡ್ ಊರಿದೆವು. ಕೆಸರಿನಲ್ಲಿ ಚಿಪ್ಪು ಆರಿಸುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಬುಟ್ಟಿ ಇಟ್ಟು ಹತ್ತಿರ ಬಂದಳು.

'ಎಂತ ಕಾಣ್ತದ್ರಾ ಮಾಸ್ತರ್ರೆ?'

ಸ್ಥಳೀಯ ಸಾಕ್ಷಿ ಸಿಕ್ಕಿತೆಂದು ಕೇಳಿದೆ: 'ಕಪ್ಪು-ಬಿಳಿ ಹಕ್ಕಿ, ಉದ್ದ ಕಾಲು, ಏಡಿ ತಿಂತದೆ. ಇಲ್ಲಿ ಬತ್ತದಾ?'

'ಬತ್ತದ್ರಾ.'

'ಕಾಲು ಕೆಂಪಾ?'

'ಕೆಂಪೇಯಾ.'

'ನೀಲಿ ಅಲ್ವಾ?'

'ನೀಲಿದೂ ಬತ್ತದೆ.'

ಸಾಕ್ಷಿಯನ್ನು ಅಲ್ಲಿಗೇ ಬಿಟ್ಟೆ. ಹಳೆಯ ಕೈದುರ್ಬೀನು ಎತ್ತಿ ಅಳಿವೆಯ ಆಚೆ ಬದಿ ನೋಡಿದೆ. ಅದು ಅಲ್ಲಿ ನಿಂತಿತ್ತು. ಅದೇ ಜಾಗ, ಅದೇ ಕಪ್ಪು-ಬಿಳಿ. ಸ್ವಲ್ಪ ಅಲುಗಾಡಿತು ಕೂಡ. ನನ್ನ ನೆನಪಿನ ಮೇಲೆ ಸಂಶಯಪಟ್ಟಿದ್ದಕ್ಕೆ ನಾಚಿಕೆಯಾಯಿತು.

ನೆಟ್ಟಗಿನ ಸ್ಕೋಪನ್ನು ತಿರುಗಿಸಿ, ತಿರುಪು ತಿರುವಿ ನೋಟ ಸ್ಪಷ್ಟ ಮಾಡಿಕೊಂಡೆ.

ಗೂಟಕ್ಕೆ ಕಟ್ಟಿದ ಬಿಳಿ ಎಣ್ಣೆ ಡಬ್ಬಿ. ಅದರ ಬೆನ್ನಿಗೆ ಸೈಕಲ್ ಟ್ಯೂಬಿನ ಕಪ್ಪು ಪಟ್ಟಿ. ಗಾಳಿಗೆ ಅಲುಗುತ್ತಿತ್ತು.

'ಭಾವಾ, ಬಾ, ನೋಡು' ಎಂದೆ. ಭಾವ ನನಗಿಂತ ಒಂದು ತಲೆ ಎತ್ತರ. ನೆಟ್ಟಗಿನದರಲ್ಲಿ ಕಣ್ಣು ಸಿಗದೆ ಸ್ಟ್ಯಾಂಡ್ ಎತ್ತರಿಸಿದ, ಗುರಿ ತಪ್ಪಿತು, ಆಕಾಶ ಹುಡುಕತೊಡಗಿದ. ಅದು ನಿಜವಾದ ಹಕ್ಕಿಯಾಗಿದ್ದರೆ ಅಷ್ಟು ಹೊತ್ತಿಗೆ ಗೋಕರ್ಣ ದಾಟಿರುತ್ತಿತ್ತು. ಕೊನೆಗೆ ಸೊಟ್ಟದನ್ನು ನಾನೇ ಗುರಿಯಿಟ್ಟು ಕೊಟ್ಟೆ. ಅವನು ಸ್ವಲ್ಪ ಬಗ್ಗಿದ, ಅಷ್ಟೆ.

'ಡಬ್ಬಿ ಅಲ್ದನ ಇದು?'

'ಅದಾ? ನಮ್ಮನೇರು ಕಟ್ಟಿದ್ದು. ಬೆಳ್ಳಕ್ಕಿ ಮೀನು ತಿಂತವಲ್ಲ, ಹೆದ್ರಿಸೂಕೆ' ಎಂದಳು ಹೆಂಗಸು.

'ಎಷ್ಟು ವರ್ಷ ಆತು?' ಎಂದು ಕೇಳಿದೆ.

'ನಾ ಮದಿ ಆಗಿ ಬಂದಾಗಿಂದ್ಲೂ ಅದೆ. ಡಬ್ಬಿ ಹೋದ್ರೆ ಬ್ಯಾರೆ ಡಬ್ಬಿ.' ಬುಟ್ಟಿ ಎತ್ತಿಕೊಂಡು ಹೋದಳು.

ಇವತ್ತು ಡಬ್ಬಿ ಇದೆಯೆಂದರೆ ಅಂದು ಹಕ್ಕಿ ಇರಲಿಲ್ಲ ಎಂದಾಗುವುದಿಲ್ಲ. ತರಗತಿಯಲ್ಲಿ ಇದನ್ನು ನಾನೇ ಬರೆದು ತೋರಿಸುತ್ತೇನೆ. ಭಾವನಿಗೂ ಹೇಳಿದೆ.

'ಹೌದು. ಡಬ್ಬಿ ಏಡಿ ತಿಂದಿದ್ನ ನೀ ಬಿಟ್ರೆ ಯಾರೂ ನೋಡಿದ್ದಿಲ್ಲೆ' ಎಂದ.

ಸೂರ್ಯ ಮುಳುಗಿ ಕತ್ತಲಾದ ಮೇಲೆ ಸೊಟ್ಟ ಸ್ಕೋಪಿನಲ್ಲಿ ಭಾವ ಶನಿಗ್ರಹ ಹಿಡಿದ. ಏನು ಕಂಡಿತೆಂದು ಬಾಯಿ ಬಿಡಬೇಡ ಎಂದು ತಡೆದು ನಾನೂ ನೋಡಿದೆ, ಸ್ಟ್ಯಾಂಡ್ ಮುಟ್ಟದೆಯೇ. ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದೆವು. ಅವನದು: 'ಬಳೆ ಇದ್ದು.' ನನ್ನದು: 'ಕಡ್ಡಿ ಚುಚ್ಚಿದ ನಿಂಬೆಹಣ್ಣು.' ಬಳೆಯನ್ನು ಅಡ್ಡದಿಂದ ನೋಡಿದರೆ ಕಡ್ಡಿಯೇ ಎಂದು ಅವನು ವಿವರಿಸಿದ. ನಾನು ಕಂಡದ್ದನ್ನು ಇನ್ನೊಬ್ಬರು ತಡಮಾಡದೆ ನೋಡಬಹುದಾದಂಥದ್ದೇ ನನಗೂ ಬೇಕಾದ್ದು ಎಂದು ಒಪ್ಪಿದೆ. ಸೊಟ್ಟದ್ದೇ ತೀರ್ಮಾನವಾಯಿತು.

ಕಟ್ಟೆಯ ಮೇಲೆ ಕೂತು ಫೋನ್ ತೆಗೆದು 'ದಾಖಲೆ ತೆಗೆದುಹಾಕಿ' ಎಂದು ಗುಂಪಿಗೆ ಬರೆದೆ.

'ನಾಳೆ ಕಳಸಿದ್ರೂ ಆಗ್ತಿತ್ತಲ ಭಾವಾ' ಎಂದ.

'ನಾಳೆ ಹೊತ್ತಿಗೆ ಡಬ್ಬಿಗೆ ಕಾಲು ಬಂದಿರ್ತು' ಎಂದು ಕಳಿಸುವ ಗುಂಡಿ ಒತ್ತಿದೆ.